ರಫ್ತಿನ ಆದೇಶ, ನೆಲ್ಲಿನ ಚೀಲ

2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿತು. ಕೆಲವೇ ದಿನಗಳಲ್ಲಿ ಅಮೆರಿಕದ ಭಾರತೀಯ ಅಂಗಡಿಗಳ ಮುಂದೆ ಸಾಲು ಬೆಳೆಯಿತು. ಸೋನಾ ಮಸೂರಿ ಚೀಲಕ್ಕಾಗಿ ಜನ ಮುಗಿಬಿದ್ದ ದೃಶ್ಯ ಇಲ್ಲಿನ ಮೊಬೈಲುಗಳಿಗೂ ಬಂತು. ಆ ಅಕ್ಕಿ ಬೆಳೆಯುವ ಗಂಗಾವತಿ, ಸಿಂಧನೂರು, ಸಿರುಗುಪ್ಪದ ರೈತರು ಮಾತ್ರ ತುಂಗಭದ್ರಾ ಜಲಾಶಯದ ನೀರಿನ ಮಟ್ಟ ನೋಡುತ್ತ ಕೂತಿದ್ದರು.

ನಮ್ಮ ಹೊಸಹಳ್ಳಿ ಸೀಮೆಗೆ ಈ ವಿಷಯ ಎರಡು ಕಡೆಯಿಂದ ತಟ್ಟುತ್ತದೆ. ಹಡಗಲಿ, ಹರಪನಹಳ್ಳಿಯ ಹೊಳೆದಂಡೆಯವರು ನೆಲ್ಲು ಮಾರುವವರು. ಜೋಳ, ಶೇಂಗಾ, ಮೆಕ್ಕೆಜೋಳ ನಂಬಿದ ಕೂಡ್ಲಿಗಿ, ಕೊಟ್ಟೂರಿನ ಒಣಭೂಮಿಯವರು ಅಕ್ಕಿ ಕೊಳ್ಳುವವರು. ಚಿಲ್ಲರೆ ಅಕ್ಕಿಯ ಬೆಲೆ ವರ್ಷದಲ್ಲಿ ಶೇ 11.5ರಷ್ಟು ಏರಿದೆ ಎಂಬುದೇ ನಿಷೇಧಕ್ಕೆ ಸರ್ಕಾರ ಕೊಟ್ಟ ಕಾರಣ. ಕೂಲಿಯವರ ಮನೆಗೆ ಅದು ಸಣ್ಣ ಏರಿಕೆಯಲ್ಲ. ಅದೇ ವರ್ಷ ಆಹಾರ ನಿಗಮದಿಂದ ಹೆಚ್ಚುವರಿ ಅಕ್ಕಿ ಸಿಗದೆ ರಾಜ್ಯ ಸರ್ಕಾರ ಅನ್ನಭಾಗ್ಯದ ಐದು ಕೆಜಿಗೆ ಬದಲಾಗಿ ತಲೆಗೆ 170 ರೂಪಾಯಿ ಕೊಡಬೇಕಾಯಿತು.

ಹಾಗಾದರೆ ಉಣ್ಣುವವನ ಹೊಟ್ಟೆಯ ಲೆಕ್ಕವನ್ನು ಬೆಳೆಯುವವನೇ ಏಕೆ ತೀರಿಸಬೇಕು?

ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ 40 ಭಾರತದ್ದು. ಇಲ್ಲಿ ಬಾಗಿಲು ಹಾಕಿದ್ದೇ ತಡ, ಆ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಬೆಲೆ 15 ವರ್ಷಗಳಲ್ಲೇ ಅತಿ ಹೆಚ್ಚಾಯಿತು. ಥಾಯ್ಲೆಂಡಿನ ಅಕ್ಕಿ ಟನ್ನಿಗೆ 600 ಡಾಲರ್ ದಾಟಿತು. ಆ ಏರಿಕೆಯಲ್ಲಿ ತುಂಗಭದ್ರೆಯ ರೈತನಿಗೆ ಪಾಲಿರಲಿಲ್ಲ. ಅದೇ ವರ್ಷ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವಾದವು. ಬರದಿಂದ ಸ್ಥಳೀಯ ದರವೇನೋ ಕುಸಿಯದೆ ನಿಂತಿತು, ಆದರೆ ಮಾರಲು ಹಲವರ ಕೈಯಲ್ಲಿ ನೆಲ್ಲೇ ಇರಲಿಲ್ಲ.

ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ 28ರಂದು, ಟನ್ನಿಗೆ ಕನಿಷ್ಠ 490 ಡಾಲರ್ ಎಂಬ ಷರತ್ತಿನೊಂದಿಗೆ. ಅಕ್ಟೋಬರ್‌ನಲ್ಲಿ ಆ ಷರತ್ತೂ ಹೋಯಿತು. ನಾಟಿಗೆ ಮೊದಲು ರೈತನಿಗೆ ಇದಾವುದರ ಸುಳಿವೂ ಇರಲಿಲ್ಲ. ಅದೇ ಹಂಗಾಮಿನಲ್ಲಿ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಗಿ ಬೆಳೆಯೇ ಕೈತಪ್ಪುವ ಭಯ ಹುಟ್ಟಿತ್ತು.

ಕೊಯ್ಲಿನ ದಿನ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಯಂತ್ರ ಗದ್ದೆಗೆ ಇಳಿದು ಸಂಜೆಯೊಳಗೆ ನೆಲ್ಲು ಸುರಿಯುತ್ತದೆ. ಅದು ಇನ್ನೂ ಹಸಿ. ರಸ್ತೆಯ ಮೇಲೆ ಹರವಿ ಒಣಗಿಸಬೇಕು, ಮೋಡ ಕಂಡರೆ ತಾಡಪಾಲು ಹುಡುಕಬೇಕು. ಗೊಬ್ಬರದಂಗಡಿಯ ಸಾಲ, ಯಂತ್ರದ ಬಾಡಿಗೆ, ಗುತ್ತಿಗೆ ಹಣ ಒಟ್ಟಿಗೆ ಬಾಗಿಲಿಗೆ ಬರುತ್ತವೆ. 75 ಕೆಜಿ ಚೀಲಕ್ಕೆ ವ್ಯಾಪಾರಿ ಹೇಳಿದ ದರಕ್ಕೇ ಕೊಡಬೇಕಾಗುತ್ತದೆ. 2025-26ರ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ಅಂದರೆ ಒಂದು ಚೀಲಕ್ಕೆ 1,777ರ ಆಸುಪಾಸು. ಆದರೆ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಎಷ್ಟೋ ಜನರ ನೆಲ್ಲು ಮಾರಿಹೋಗಿರುತ್ತದೆ ಎಂಬುದು ಹಳೆಯ ದೂರು. ಗುತ್ತಿಗೆಗೆ ಮಾಡಿದವನ ಪಾಡು ಇನ್ನೂ ಕಷ್ಟ: ಪಹಣಿ ಭೂಮಾಲೀಕನ ಹೆಸರಿನಲ್ಲಿ, ಬೆವರು ಇವನದು. ಮುಂದೆ ರಫ್ತು ತೆರೆದು ಬೆಲೆ ಏರಿದರೂ ಅಷ್ಟರಲ್ಲಿ ನೆಲ್ಲು ಗೋದಾಮು ಸೇರಿರುತ್ತದೆ; ಲಾಭ ದಾಸ್ತಾನು ಇಟ್ಟವನಿಗೆ.

ಬಡವನ ತಟ್ಟೆ ಕಾಯಲು ರಫ್ತು ತಡೆಯುವುದು ಕೆಲವೊಮ್ಮೆ ಅನಿವಾರ್ಯವಾಗಬಹುದು. ಆಗ ನಷ್ಟವನ್ನು ಖಜಾನೆ ಹೊರಲಿ. ರಫ್ತು ನೀತಿಯನ್ನು ಮುಂಗಾರಿನ ನಾಟಿಗೆ ಮುಂಚೆ ಹೇಳಿ ಕೊಯ್ಲು ಮುಗಿಯುವವರೆಗೆ ಬದಲಿಸದಿರಲಿ. ಖರೀದಿ ಕೇಂದ್ರಗಳು ಯಂತ್ರ ಗದ್ದೆಗಿಳಿಯುವ ಮೊದಲೇ ತೆರೆಯಲಿ, ಗುತ್ತಿಗೆ ರೈತನ ಚೀಲವನ್ನೂ ತೂಗಲಿ. ಈ ಭಾಗದ ಶಾಸಕರು, ಸಂಸದರು ಮುಂದಿನ ಸಲ ಮತ ಕೇಳಲು ಬಂದಾಗ ಈ ಮೂರನ್ನೂ ಅವರೆದುರು ಇಡಬೇಕು.