ಆಜಾದಿ ಮುಫ್ತ್ ಅಲ್ಲ: ಒಬ್ಬ ನಿವೃತ್ತ ಸೇನಾನಿಯ ದೇಶಪ್ರೇಮ

(ಗಣರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



 

ಜನವರಿ 26ರ ಆಚೀಚೆ ಇನ್ನೆರಡು ದಿನಗಳನ್ನು ನಾವು ನೆನಪಿಡಬೇಕು. ಜನವರಿ 15 ಸೇನಾ ದಿನ. 1949ರ ಆ ದಿನ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪನವರು ಬ್ರಿಟಿಷ್ ಜನರಲ್‌ರಿಂದ ಅಧಿಕಾರ ವಹಿಸಿಕೊಂಡು ಸೈನ್ಯದ ಮೊದಲ ಭಾರತೀಯ ಮುಖ್ಯಸ್ಥರಾದರು. ಜನವರಿ 28 ಅವರ ಜನ್ಮದಿನ. ದೇಶಪ್ರೇಮ ಎಂದರೇನು ಎಂಬ ಪ್ರಶ್ನೆಗೆ ಅವರು ತಮ್ಮ ನಡೆಯಿಂದ ಕೊಟ್ಟ ಉತ್ತರವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಕಾರ್ಯಪ್ಪನವರಿಗೆ ಹಿಂದೂಸ್ತಾನಿ ಅಷ್ಟಾಗಿ ಬರುತ್ತಿರಲಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಜವಾನರಿಗೆ 'ನೀವೂ ಸ್ವತಂತ್ರರು, ದೇಶವೂ ಸ್ವತಂತ್ರ' ಎಂದು ಹೇಳಲು ಹೋಗಿ, 'ಆಜಾದ್' ಎನ್ನುವ ಬದಲು 'ಮುಫ್ತ್' ಎಂದುಬಿಟ್ಟರು ಎಂಬ ಕಥೆ ಸೈನ್ಯದಲ್ಲಿ ಪ್ರಸಿದ್ಧ. ಉರ್ದು ಬಲ್ಲ ಮಕ್ಕಳು ಆಗಲೇ ನಗುತ್ತಿದ್ದೀರಿ. ಇಂಗ್ಲಿಷಿನಲ್ಲಿ ಎರಡಕ್ಕೂ 'ಫ್ರೀ' ಎಂಬ ಒಂದೇ ಪದ. ಉರ್ದುವಿನಲ್ಲಿ ಹಾಗಲ್ಲ. ಕನ್ನಡದಲ್ಲೂ ಬಿಡುಗಡೆ ಬೇರೆ, ಬಿಟ್ಟಿ ಬೇರೆ. ಬಿಡುಗಡೆ ಬಿಟ್ಟಿಯಾಗಿ ಸಿಗುವುದಿಲ್ಲ ಎಂಬುದನ್ನು ಕಾರ್ಯಪ್ಪನವರಷ್ಟು ಬಲ್ಲವರು ಕಡಿಮೆ.

1948ರ ಆರಂಭದಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿದ್ದಾಗ ಅವರು ಪಶ್ಚಿಮ ವಿಭಾಗದ ಸೇನಾಧಿಪತಿ. ನೌಶೇರಾದಲ್ಲಿ ಅವರ ಕೈಕೆಳಗೆ 50ನೇ ಪ್ಯಾರಾ ಬ್ರಿಗೇಡನ್ನು ನಡೆಸುತ್ತಿದ್ದವರು ಬ್ರಿಗೇಡಿಯರ್ ಮಹಮ್ಮದ್ ಉಸ್ಮಾನ್. ದೇಶ ವಿಭಜನೆಯಾದಾಗ ಉಸ್ಮಾನರ ಬಲೂಚ್ ರೆಜಿಮೆಂಟ್ ಪಾಕಿಸ್ತಾನದ ಪಾಲಾಯಿತು. ಉಸ್ಮಾನರು ಮಾತ್ರ ಭಾರತದಲ್ಲೇ ಉಳಿದರು. ನೌಶೇರಾ ಬಳಿಯ ಕೋಟ್ ಎಂಬ ನೆಲೆಯನ್ನು ಗೆದ್ದುಕೊಡಬೇಕೆಂದು ಕಾರ್ಯಪ್ಪನವರು ಕೇಳಿದರು. ಉಸ್ಮಾನರು ಆ ಕಾರ್ಯಾಚರಣೆಗೆ ಕಾರ್ಯಪ್ಪನವರ ಅಡ್ಡಹೆಸರಾದ 'ಕಿಪ್ಪರ್' ಎಂಬ ಹೆಸರನ್ನೇ ಇಟ್ಟು, ಗೆದ್ದುಕೊಟ್ಟರು. ಝಂಗಡ್ ಮರಳಿ ಕೈಸೇರುವವರೆಗೆ ಮಂಚದ ಮೇಲೆ ಮಲಗುವುದಿಲ್ಲವೆಂದು ಪಣ ತೊಟ್ಟು, ಮಾರ್ಚ್ ತಿಂಗಳಲ್ಲಿ ಅದನ್ನೂ ಗೆದ್ದರು. ಅದೇ ಝಂಗಡ್‌ನಲ್ಲಿ ಜುಲೈ 3ರಂದು ಶತ್ರುವಿನ ಶೆಲ್ ಬಿದ್ದು ಹುತಾತ್ಮರಾದರು. 36 ವರ್ಷ ತುಂಬಲು 12 ದಿನ ಬಾಕಿಯಿತ್ತು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಕಬರಸ್ತಾನದಲ್ಲಿ ಅವರ ಸಮಾಧಿಯಿದೆ.

ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದರು. 1965ರ ಯುದ್ಧದಲ್ಲಿ ಅವರ ಮಗ, ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ, ವಾಯುಪಡೆಯ ಹಂಟರ್ ವಿಮಾನ ಹಾರಿಸುತ್ತಿದ್ದರು. ಯುದ್ಧವಿರಾಮದ ಹಿಂದಿನ ದಿನ, ಸೆಪ್ಟೆಂಬರ್ 22ರಂದು, ಅವರ ವಿಮಾನ ಉರುಳಿತು, ಅವರು ಸೆರೆಯಾದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಅಯೂಬ್ ಖಾನ್. ವಿಭಜನೆಗೆ ಮೊದಲು ಇಬ್ಬರೂ ಒಂದೇ ಸೈನ್ಯದಲ್ಲಿದ್ದವರು. ಹಳೆಯ ಪರಿಚಯದ ಮೇಲೆ, ನಿಮ್ಮ ಮಗನನ್ನು ಬಿಡುಗಡೆ ಮಾಡುತ್ತೇವೆ ಎಂದು ಅಯೂಬ್ ಖಾನ್ ಹೇಳಿ ಕಳುಹಿಸಿದರು. ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲರೂ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬುದು ತಂದೆಯ ಉತ್ತರವಾಗಿತ್ತು. ಮಗ ಮರಳಿದ್ದು 1966ರಲ್ಲಿ.

ಈ ಉತ್ತರವನ್ನು ಸ್ವಲ್ಪ ಯೋಚಿಸಿ ನೋಡಿ. ಅದರಲ್ಲಿ ಶತ್ರುವಿನ ಮೇಲೆ ಬೈಗುಳವಿಲ್ಲ, ಘೋಷಣೆಯಿಲ್ಲ. ಯಾವ ತಂದೆಗೂ ಸುಲಭವಲ್ಲದ ಒಂದು ನ್ಯಾಯ ಇದೆ. ಇತರರ ಮಕ್ಕಳಿಗೆ ಸಿಗದ ರಿಯಾಯಿತಿ ನನ್ನ ಮಗನಿಗೂ ಬೇಡ ಎಂಬ ನ್ಯಾಯ. ಅವರ ದೇಶಪ್ರೇಮದ ತಿರುಳು ಇದೇ ಎಂದು ನಾನು ತಿಳಿಯುತ್ತೇನೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಆಗಾಗ ಕೇಳುತ್ತೀರಿ: "ಸರ್, ಪ್ರತಿ ರಾಷ್ಟ್ರೀಯ ಹಬ್ಬದಲ್ಲೂ ನಮ್ಮ ದೇಶಪ್ರೇಮವನ್ನು ನಾವು ಸಾಬೀತು ಮಾಡಿ ತೋರಿಸಬೇಕೇ?" ಇದು ನೋವಿನಿಂದ ಬಂದ ಪ್ರಶ್ನೆ. ಗದರಿಸಿ ಬಾಯಿ ಮುಚ್ಚಿಸುವಂಥದ್ದಲ್ಲ. 1950ರ ಈ ದಿನ ಜಾರಿಗೆ ಬಂದ ಸಂವಿಧಾನ ನಮ್ಮೆಲ್ಲರನ್ನೂ ಸಮಾನ ನಾಗರಿಕರೆಂದು ಒಪ್ಪಿದೆ. ಆ ಸ್ಥಾನಕ್ಕೆ ಯಾರ ಸರ್ಟಿಫಿಕೇಟೂ ಬೇಡ. ಕಾರ್ಯಪ್ಪನವರು ಉಸ್ಮಾನರಿಗೆ ಪ್ರಮಾಣಪತ್ರ ಕೇಳಲಿಲ್ಲ, ಹೊಣೆ ಒಪ್ಪಿಸಿದರು. ಉಸ್ಮಾನರೂ ಸಾಬೀತುಪಡಿಸಲು ಹೊರಡಲಿಲ್ಲ, ಹೊತ್ತ ಹೊಣೆಯನ್ನು ನಿಭಾಯಿಸಿದರು. ಆದ್ದರಿಂದ ತಲೆ ತಗ್ಗಿಸಬೇಡಿ. ಹೊಣೆಯಿಂದ ಹಿಂದೆಯೂ ಸರಿಯಬೇಡಿ.

ನಮ್ಮ ಕೈಲಿ ಬಂದೂಕವಿಲ್ಲ, ಪೆನ್ನಿದೆ. ಹಾಗಿದ್ದರೂ ಆ ತಂದೆಯ ಮುಂದೆ ಬಂದ ಪರೀಕ್ಷೆ ಸಣ್ಣ ರೂಪದಲ್ಲಿ ನಮ್ಮ ಮುಂದೆಯೂ ದಿನನಿತ್ಯ ಬರುತ್ತದೆ. 'ಸಿಫಾರಿಷ್' ಎಂಬ ಪದ ಉರ್ದುವಿನಿಂದ ಕನ್ನಡಕ್ಕೆ 'ಶಿಫಾರಸು' ಆಗಿ ಬಂದು ನೆಲೆಸಿದೆ. ಸೀಟಿಗೆ ಶಿಫಾರಸು, ನೌಕರಿಗೆ ಶಿಫಾರಸು, ವಿದ್ಯಾರ್ಥಿವೇತನದ ಪಟ್ಟಿಗೂ ಶಿಫಾರಸು. ಪೋಷಕರೇ, ಸದಸ್ಯರೇ, 'ನಮ್ಮ ಹುಡುಗ, ಸ್ವಲ್ಪ ನೋಡಿ' ಎಂಬ ಚೀಟಿ ಬರೆಯುವಾಗ, ಚೀಟಿ ಬರೆಯುವವರೇ ಇಲ್ಲದ ಮನೆಯ ಹುಡುಗನನ್ನೂ ಒಮ್ಮೆ ನೆನೆಯೋಣ. ಅವನೂ ನಮ್ಮ ಹುಡುಗನೇ. ವಿದ್ಯಾರ್ಥಿಗಳೇ, ಪರೀಕ್ಷಾ ಕೊಠಡಿಯಲ್ಲಿ ಪಕ್ಕದವನ ಹಾಳೆ ನೋಡಿ ಪಡೆದ ಅಂಕವೂ 'ಮುಫ್ತ್' ಅಂಕವೇ. ಅದು ಕಷ್ಟಪಟ್ಟು ಓದಿದ ಇನ್ನೊಬ್ಬನ ಪಾಲು.

ಧ್ವಜಕ್ಕೆ ವಂದಿಸಲು ಕೆಲವೇ ನಿಮಿಷ ಸಾಕು. ನನಗೊಂದು ನ್ಯಾಯ, ಇತರರಿಗೊಂದು ನ್ಯಾಯ ಎನ್ನದೆ ಬದುಕಲು ವರ್ಷದ ಉಳಿದ ದಿನಗಳೆಲ್ಲ ಬೇಕು. ಆ ಕೆಲಸವನ್ನು ನಾಳೆ ಬೆಳಿಗ್ಗೆ ತರಗತಿಯಿಂದಲೇ ಆರಂಭಿಸೋಣ.

 ಜೈ ಹಿಂದ್.