ಯಾವೂರು ನಿಮ್ಮದು?



ದೂರದ ನಾಡಿಗೆ ಹೋಗಬೇಕು, ಅಲ್ಲಿನ ಹಳ್ಳಿಯ ಜನರೊಡನೆ ನಾಲ್ಕು ದಿನ ಇದ್ದು ಅವರ ಸ್ನೇಹ ಗಳಿಸಬೇಕು ಎಂಬ ಆಸೆ ನಿಮ್ಮ ವಯಸ್ಸಿಗೆ ಸಹಜ. ಅದರಲ್ಲೂ ಆಫ್ರಿಕಾ ಎಂದರೆ ಕುತೂಹಲ ಇನ್ನೂ ಹೆಚ್ಚು. ಆದರೆ ಅಲ್ಲಿಗೆ ಹೋಗಲು ಪಾಸ್‌ಪೋರ್ಟ್ ಬೇಕು, ವೀಸಾ ಬೇಕು, ಕೈತುಂಬ ಹಣ ಬೇಕು. ಇವು ಯಾವುವೂ ಇಲ್ಲದೆ, ಆಫ್ರಿಕಾ ಮೂಲದ ಜನರು ತಲೆಮಾರುಗಳಿಂದ ಬಾಳುತ್ತಿರುವ ಹಳ್ಳಿಯೊಂದನ್ನು ನೀವು ನಾಳೆ ಮಧ್ಯಾಹ್ನದೊಳಗೆ ತಲುಪಬಹುದು. ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿಯಿರಿ. ರಾತ್ರಿಯ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ. ಅಲ್ಲಿಂದ ಬಸ್ಸಿನಲ್ಲಿ ಸುಮಾರು 70 ಕಿಲೋಮೀಟರ್ ದೂರದಲ್ಲಿ ಯಲ್ಲಾಪುರವಿದೆ. ಅದರ ಸುತ್ತಲಿನ ಕಾಡಿನಂಚಿನ ಹಳ್ಳಿಗಳಲ್ಲಿ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ತಾಲೂಕುಗಳಲ್ಲಿ ನೆಲೆಸಿರುವವರೇ ನಮ್ಮ ಸಿದ್ದಿಗಳು.

ಇವರ ಪೂರ್ವಜರಲ್ಲಿ ಬಹುಪಾಲು ಜನ ತಾವಾಗಿ ಬಂದವರಲ್ಲ. ಹದಿನಾರನೆಯ ಶತಮಾನದಿಂದ ಪೋರ್ಚುಗೀಸರು ಪೂರ್ವ ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಹಡಗುಗಳಲ್ಲಿ ಗೋವೆಗೆ ತಂದರು. ಹಿಂಸೆ ತಾಳಲಾರದೆ ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಘಟ್ಟದ ಕಾಡು ಸೇರಿದರು. ಇದಕ್ಕಿಂತ ಬೇರೆಯಾದ ಕಥೆಗಳೂ ಉಂಟು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾದ ಮಲಿಕ್ ಅಂಬರ್ ಮುಂದೆ ಅಹಮದ್‌ನಗರ ರಾಜ್ಯದ ಆಡಳಿತ ಸೂತ್ರವನ್ನೇ ಹಿಡಿದ. ನಮ್ಮ ವಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಆಫ್ರಿಕಾ ಮೂಲದ ಇಖ್ಲಾಸ್ ಖಾನ್ ಪ್ರಬಲ ಅಧಿಕಾರಿಯಾಗಿದ್ದ.

ವಿಜ್ಞಾನವೂ ಈ ಚರಿತ್ರೆಗೆ ಸಾಕ್ಷಿ ನುಡಿದಿದೆ. ಹೈದರಾಬಾದಿನ ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿಗಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿದ್ದಿಗಳ ವಂಶವಾಹಿಗಳಲ್ಲಿ ಶೇಕಡಾ 60ಕ್ಕಿಂತ ಹೆಚ್ಚಿನ ಭಾಗ ಆಫ್ರಿಕಾದ ಬಂಟು ಭಾಷಿಕ ಜನರಿಂದ ಬಂದದ್ದು. ಉಳಿದುದರಲ್ಲಿ ಹೆಚ್ಚಿನದು ಭಾರತೀಯರದು. ಈ ಬೆರಕೆ ನಡೆದದ್ದು ಸುಮಾರು ಎಂಟು ತಲೆಮಾರುಗಳ ಹಿಂದೆ. ಎಂಟು ತಲೆಮಾರು ಎಂದರೆ ಕಡಿಮೆಯೇ? ನಮ್ಮಲ್ಲಿ ಎಷ್ಟು ಜನಕ್ಕೆ ಮುತ್ತಜ್ಜನ ಅಪ್ಪನ ಹೆಸರು ಗೊತ್ತು? ಇನ್ನೂ ಹಿಂದಕ್ಕೆ ಹೋದರೆ ಮನುಷ್ಯ ಕುಲದ ತವರೇ ಆಫ್ರಿಕಾ. ಕೆಲವರು ಅಲ್ಲಿಂದ ಮೊದಲು ಹೊರಟರು, ಕೆಲವರು ಆಮೇಲೆ, ವ್ಯತ್ಯಾಸ ಇಷ್ಟೇ.

ಇಷ್ಟನ್ನು ತಿಳಿದ ಮೇಲೂ ಆ ಊರಿಗೆ ಹೋದಾಗ ನಾವು ಏನನ್ನು ನೋಡುತ್ತೇವೆ ಎಂಬುದು ಮುಖ್ಯ. ದೂರದರ್ಶನದ ಕೆಲಸದಲ್ಲಿರುವ ನನ್ನಂಥವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಸಿದ್ದಿಗಳ ಕೇರಿಗೆ ಬಂದ ಕ್ಯಾಮೆರಾ ಮೊದಲು ಕೇಳುವುದು ಡಮಾಮಿ ಕುಣಿತವನ್ನು. ಅಡಿಕೆ ತೋಟದ ಕೂಲಿ ಮುಗಿಸಿ ಬಂದ ಹೆಂಗಸರು, ಪಾಪ, ನಮಗಾಗಿ ಸೀರೆ ಬದಲಿಸಿ ಕುಣಿಯಬೇಕು. ಡೋಲಿನ ಸದ್ದು ಮುಗಿದೊಡನೆ ನಾವು ಗಾಡಿ ಹತ್ತುತ್ತೇವೆ. ನಮ್ಮ ಬಳಿ ಚಿತ್ರವಿರುತ್ತದೆ, ಸ್ನೇಹವಿರುವುದಿಲ್ಲ.

ಸರಕಾರವೂ ಒಮ್ಮೆ ಹೀಗೆಯೇ ನೋಡಿತು. ಆಫ್ರಿಕಾ ಮೂಲದವರಲ್ಲವೆ, ಓಟದಲ್ಲಿ ಗೆದ್ದೇ ಗೆಲ್ಲುತ್ತಾರೆ ಎಂಬ ಎಣಿಕೆಯಿಂದ 1987ರಲ್ಲಿ ಕೇಂದ್ರದ ಕ್ರೀಡಾ ಯೋಜನೆಯೊಂದು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಕೆಲವರು ಪದಕ ಗೆದ್ದರು, ನಿಜ. ಆದರೆ 1990ರ ದಶಕದ ಆರಂಭದಲ್ಲಿ ಆ ಕಾರ್ಯಕ್ರಮ ನಿಂತುಹೋಯಿತು. ಹಲವರು ಮತ್ತೆ ಗದ್ದೆ, ತೋಟಗಳ ಕೆಲಸಕ್ಕೆ ಮರಳಿದರು. ಅವರ ಕಾಲುಗಳನ್ನು ಗುರುತಿಸಿದ ನಾವು ಅವರ ಬದುಕನ್ನು ಗುರುತಿಸಲಿಲ್ಲ.

ಹಾಗಾದರೆ ಸ್ನೇಹ ಬೆಳೆಯುವುದು ಹೇಗೆ? ಅವಸರ ಬಿಡುವುದು ಮೊದಲ ಹೆಜ್ಜೆ. ನಿಮ್ಮ ಕಾಲೇಜಿನ ಎನ್.ಎಸ್.ಎಸ್. ಶಿಬಿರ ಏಳು ದಿನ ನಡೆಯುತ್ತದೆ. ಅಂಥದೊಂದು ಶಿಬಿರಕ್ಕೆ ಅಲ್ಲಿಗೆ ಹೋದರೆ ಭಾಷಣ ಮಾಡುವ ಮೊದಲು ಅವರೊಡನೆ ಕೆಲಸಕ್ಕೆ ಕೈಹಾಕಿ. ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ತ್ರಿಕೋನದ ಹೂವು ಇಡುವುದು ಅವರ ವಾಡಿಕೆ. ಬಳಿ ಕುಳಿತು ಒಂದು ಹೊಲಿಗೆ ಕಲಿಯಿರಿ. ತಪ್ಪಾಗಿ ಹೊಲಿದರೆ ಅವರು ನಗುತ್ತಾರೆ, ನಗಲಿ. ಕಲಿಸುವವರು ಅವರು, ಕಲಿಯುವವರು ನಾವು ಎಂದಾಗ ಮಾತು ತಾನೇ ಹುಟ್ಟುತ್ತದೆ. ಮನೆಯಲ್ಲಿ ಅವರಾಡುವುದು ಕೊಂಕಣಿ ಬೆರೆತ ನುಡಿ; ನಮ್ಮೊಡನೆ ಕನ್ನಡ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಆದರೂ ತಾವೆಲ್ಲ ಸಿದ್ದಿಗಳೆಂಬ ಬಾಂಧವ್ಯ ಉಳಿದುಬಂದಿದೆ. ಅವರ ಗುಂಗುರು ಕೂದಲನ್ನು ಮುಟ್ಟಿ ನೋಡುವ ಕುತೂಹಲವನ್ನು ಮಾತ್ರ ಊರಲ್ಲೇ ಬಿಟ್ಟು ಹೋಗಿ.

ಕೂಡಿ ಮಾಡುವ ಕೆಲಸಕ್ಕೆ ಎಂಥ ಶಕ್ತಿಯಿದೆ ಎಂಬುದಕ್ಕೆ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲೇ ಉದಾಹರಣೆಯಿದೆ. 1980ರ ದಶಕದಲ್ಲಿ ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಸಿದ್ದಿಗಳು 'ಕಪ್ಪು ಜನ ಕೆಂಪು ನೆರಳು' ನಾಟಕವಾಡಿದರು. ಅದಕ್ಕೆ ಆಧಾರ ನೈಜೀರಿಯಾದ ಚಿನುವಾ ಅಚಿಬೆಯವರ ಕಾದಂಬರಿ. ಆಫ್ರಿಕಾದ ಹಳ್ಳಿಯೊಂದರ ಕಥೆ, ಆಫ್ರಿಕಾ ಮೂಲದ ಕನ್ನಡಿಗರ ಬಾಯಲ್ಲಿ, ಕನ್ನಡದಲ್ಲಿ! ತಾಲೀಮಿನಲ್ಲಿ ಯಾರೂ ಯಾರಿಗೂ ನೋಟದ ವಸ್ತುವಲ್ಲ. ಎಲ್ಲರೂ ಒಂದೇ ಕೆಲಸದ ಪಾಲುದಾರರು.

ಸ್ನೇಹಿತನ ಕಷ್ಟವೇನು ಎಂದು ತಿಳಿಯದಿದ್ದರೆ ಅದು ಸ್ನೇಹವಲ್ಲ. ಸಿದ್ದಿಗಳ ಬಹು ದೊಡ್ಡ ಚಿಂತೆ ನೆಲದ್ದು. ಅನೇಕರು ಸಾಗುವಳಿ ಮಾಡುತ್ತಿರುವುದು ಅರಣ್ಯ ಭೂಮಿಯನ್ನು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಇದರ ಬೆಲೆ 2006ರ ಅರಣ್ಯ ಹಕ್ಕು ಕಾಯಿದೆ ಬಂದಾಗ ತಿಳಿಯಿತು. ಆ ಕಾಯಿದೆಯ ಪ್ರಕಾರ ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು ತಾವು ಅಲ್ಲಿ 75 ವರ್ಷಗಳಿಂದ ಇದ್ದೇವೆಂದು ಸಾಬೀತು ಮಾಡಬೇಕು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿದ್ದರೆ ಸಾಕು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಕರ್ನಾಟಕದ ಶಾಸನ ಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿಯಾದರು.

ಇನ್ನು ಕೊನೆಯ ಮಾತು. ಹೋಗುವುದು ಅರ್ಧ ಸ್ನೇಹ. ಬಂದವರನ್ನು ಕರೆಯುವುದು ಇನ್ನರ್ಧ. ಓದಿಗಾಗಿ, ಕೆಲಸಕ್ಕಾಗಿ ಸಿದ್ದಿ ಯುವಕ ಯುವತಿಯರು ಬೆಂಗಳೂರಿಗೂ ಬರುತ್ತಾರೆ. ಜಯನಗರದ ನಾಲ್ಕನೆಯ ಬ್ಲಾಕಿನಲ್ಲೋ, ಬಿ.ಟಿ.ಎಂ. ಬಡಾವಣೆಯ ಬಸ್ ನಿಲ್ದಾಣದಲ್ಲೋ ಅಂಥ ಒಬ್ಬ ಹುಡುಗನನ್ನು ಕಂಡಾಗ ನಮ್ಮ ಬಾಯಲ್ಲಿ ಇಂಗ್ಲಿಷ್ ಬರುತ್ತದೆ: ಯಾವ ದೇಶ ನಿಮ್ಮದು? ಅವನು ಅಚ್ಚ ಕನ್ನಡದಲ್ಲಿ ಉತ್ತರಿಸಿದರೂ ನಂಬದೆ, 'ನಿಜವಾಗಿ ಎಲ್ಲಿಯವರು?' ಎನ್ನುತ್ತೇವೆ. ಎಂಟು ತಲೆಮಾರು ಇಲ್ಲಿಯೇ ಬಾಳಿದವನ ಮನಸ್ಸಿಗೆ ಆಗ ಏನಾಗಬೇಕು? ಬಾಡಿಗೆಯ ಮನೆ ಹುಡುಕಿಕೊಂಡು ಬಂದಾಗ ಈ ಅನುಮಾನದ ನೋಟ ಇನ್ನೂ ಹರಿತವಾಗುತ್ತದೆ. ಆಫ್ರಿಕಾದಿಂದಲೇ ನಮ್ಮ ಕಾಲೇಜುಗಳಿಗೆ ಓದಲು ಬಂದಿರುವ ವಿದ್ಯಾರ್ಥಿಗಳ ಪಾಡೂ ಇದೇ. ಅವರು ನಮ್ಮ ಅತಿಥಿಗಳು. ನಮ್ಮ ಓಣಿಯಲ್ಲಿ ಅವರಿಗೊಂದು ಗೆಳೆತನ ಸಿಗದಿದ್ದರೆ, ಆಫ್ರಿಕಾದ ಹಳ್ಳಿಯಲ್ಲಿ ಸ್ನೇಹ ಗಳಿಸುವ ನಮ್ಮ ಕನಸಿಗೆ ಅರ್ಥವೇನು?

ಅಪರಿಚಿತರು ಎದುರಾದಾಗ 'ಯಾವೂರು ನಿಮ್ಮದು?' ಎಂದು ಕೇಳುವುದು ನಮ್ಮ ನಾಡಿನ ಹಳೆಯ ಪದ್ಧತಿ. ಒಳ್ಳೆಯ ಪದ್ಧತಿಯೇ. ಊರಿನ ಹೆಸರು ಸಿಕ್ಕರೆ ನಂಟು ಸಿಗುತ್ತದೆ. ಸಿದ್ದಿ ಹುಡುಗನನ್ನೂ ಕನ್ನಡದಲ್ಲಿಯೇ ಹಾಗೆ ಕೇಳಿ. 'ಯಲ್ಲಾಪುರ' ಎಂದರೆ ಅದನ್ನೇ ನಂಬಿ, 'ಓ, ಅಲ್ಲಿ ಈಗ ಮಳೆ ಹೇಗಿದೆ?' ಎಂದು ಮಾತು ಮುಂದುವರಿಸಿ. ಸ್ನೇಹ ಅಲ್ಲಿಂದ ಆರಂಭವಾಗುತ್ತದೆ.