ಮಂಡಿ ನೋವು ಯಾರ ಪಾಲಿನದು?

(ಕಡೂರಿನಲ್ಲಿ ಗಿರಣಿ ಕೆಲಸಗಾರರು, ಹಮಾಲರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಸಭೆ ಶುರುವಾಗುವ ಮೊದಲು ನಾನು ಬಾಗಿಲ ಬಳಿ ನಿಂತಿದ್ದೆ. ಸ್ವಾಗತಕ್ಕಾಗಿ ನಿಂತಿದ್ದಾನೆಂದು ತಾವು ತಿಳಿದಿರಬಹುದು. ನಾನು ನೋಡುತ್ತಿದ್ದುದು ತಮ್ಮ ಕಾಲುಗಳನ್ನು. ಇಲ್ಲಿರುವುದು ಮೂರೇ ಮೆಟ್ಟಿಲು. ಆ ಮೂರು ಮೆಟ್ಟಿಲಿಗೆ ಗೋಡೆ ಹಿಡಿದುಕೊಂಡವರನ್ನು ಎಣಿಸುತ್ತಾ ಬಂದೆ. ಇಪ್ಪತ್ತಾದ ಮೇಲೆ ಎಣಿಸುವುದನ್ನು ಬಿಟ್ಟೆ. ಅವರಲ್ಲಿ ಅರ್ಧ ಜನಕ್ಕೆ ಇನ್ನೂ ಐವತ್ತು ತುಂಬಿಲ್ಲ. "ಏನಣ್ಣಾ ಕಾಲು?" ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ವಾಯು ಮೇಷ್ಟ್ರೇ, ವಯಸ್ಸಾಯ್ತಲ್ಲ."

ನಾನು ವೈದ್ಯನಲ್ಲ. ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದವನು. ಆದರೂ ಈ ವಿಷಯದ ಬಗ್ಗೆ ಮಾತನಾಡುವ ಸಾಲ ಒಂದು ನನ್ನ ಮೇಲಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಮಂಡಿ ಎಂದರೇನು ಎಂಬುದನ್ನು ತಿಳಿಯೋಣ. ಮೇಲಿನಿಂದ ತೊಡೆಯ ಎಲುಬು ಬರುತ್ತದೆ, ಕೆಳಗಿನಿಂದ ಮೊಳಕಾಲಿನ ಎಲುಬು ಬರುತ್ತದೆ, ಮುಂದೆ ಚಿಪ್ಪು ಕೂತಿದೆ. ಎಲುಬಿಗೆ ಎಲುಬು ತಾಗಬಾರದೆಂದು ಎರಡು ತುದಿಗಳಿಗೂ ನುಣುಪಾದ ಮೆದು ಎಲುಬಿನ ಹೊದಿಕೆ ಇದೆ. ಎಳನೀರು ಕುಡಿದಾದ ಮೇಲೆ ಬುರುಡೆಯಲ್ಲಿ ಉಳಿಯುವ ಗಂಜಿಯನ್ನು ನೆನೆಸಿಕೊಳ್ಳಿ: ಬೆಳ್ಳಗೆ, ನುಣ್ಣಗೆ, ತುಸು ಗಟ್ಟಿ. ಸುತ್ತಲೂ ಒಂದು ಪೊರೆಯಿದ್ದು ಅದರಿಂದ ಅಂಟಾದ ರಸ ಜಿನುಗುತ್ತದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಇದ್ದಂತೆ. ಆ ಮೆದು ಎಲುಬಿಗೆ ರಕ್ತನಾಳವಿಲ್ಲ, ನರವೂ ಇಲ್ಲ. ನರವಿಲ್ಲದ್ದರಿಂದ ಸವೆಯಲು ತೊಡಗಿದಾಗ ನಮಗೆ ತಿಳಿಯುವುದಿಲ್ಲ. ರಕ್ತವಿಲ್ಲದ್ದರಿಂದ ಸವೆದದ್ದು ಸುಲಭವಾಗಿ ತುಂಬಿಕೊಳ್ಳುವುದಿಲ್ಲ. ಅಡಿಯ ಎಲುಬಿಗೂ ಪೊರೆಗೂ ಪೆಟ್ಟು ಮುಟ್ಟಿದ ಮೇಲೆ ನೋವು ಕೂಗಿಕೊಳ್ಳುತ್ತದೆ. ಇದಕ್ಕೆ ಕೀಲು ಸವೆತ ಎನ್ನುತ್ತಾರೆ.

ಹಾಗಾದರೆ ಇದು ಬರೀ ವಯಸ್ಸಿನ ಮಾತೇ? ಲೆಕ್ಕದ ಮೇಷ್ಟ್ರ ಹಳೆಯ ಚಾಳಿ, ಲೆಕ್ಕ ಹಾಕಿ ನೋಡೋಣ. ಸಮನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ಬೀಳುವ ಭಾರ ದೇಹದ ತೂಕದ ಸುಮಾರು ಎರಡೂವರೆ ಪಟ್ಟು. ಮೆಟ್ಟಿಲು ಇಳಿಯುವಾಗ ಅದು ಮೂರೂವರೆ ಪಟ್ಟಿನ ಹತ್ತಿರ ಹೋಗುತ್ತದೆ. ಅರವತ್ತು ಕಿಲೋ ತೂಗುವ ಹಮಾಲ ಐವತ್ತು ಕಿಲೋ ಮೂಟೆ ಹೊತ್ತನೆಂದರೆ ಒಟ್ಟು ನೂರಾಹತ್ತು. ಅದರ ಎರಡೂವರೆ ಪಟ್ಟು ಇನ್ನೂರೆಪ್ಪತ್ತೈದು ಕಿಲೋ, ಒಂದೊಂದು ಹೆಜ್ಜೆಗೆ. ಲಾರಿಯಿಂದ ಹಲಗೆಯ ಮೇಲೆ ಇಳಿಯುವಾಗ ಇನ್ನೂ ಹೆಚ್ಚು. ದಿನಕ್ಕೆ ನೂರು ಮೂಟೆ, ವರ್ಷಕ್ಕೆ ಎಷ್ಟು, ಇಪ್ಪತ್ತು ವರ್ಷಕ್ಕೆ ಎಷ್ಟು ಎಂಬುದನ್ನು ತಾವೇ ಗುಣಿಸಿಕೊಳ್ಳಿ. ಇದು ವಾಯುವೂ ಅಲ್ಲ, ಶನಿಕಾಟವೂ ಅಲ್ಲ.

ತರೀಕೆರೆಯ ಕಡೆ ಅಡಿಕೆ ಸುಲಿಯುವ ತಾಯಂದಿರ ಕಷ್ಟ ಬೇರೆ ಥರದ್ದು. ಕೊಯ್ಲಿನ ಕಾಲದಲ್ಲಿ ಕತ್ತಿಯ ಮುಂದೆ ಮಂಡಿ ಮಡಿಸಿ ಕೂತರೆ ಕತ್ತಲಾದ ಮೇಲೆಯೇ ಏಳುವುದು. ಪೂರ್ತಿ ಮಡಿಸಿದ ಮಂಡಿಯಲ್ಲಿ ಚಿಪ್ಪಿನ ಹಿಂದಿನ ಒತ್ತಡ ಬಹಳ. ಮನೆಗೆ ಹೋದರೆ ಕುಕ್ಕರುಗಾಲಿನಲ್ಲಿ ಪಾತ್ರೆ, ಬಟ್ಟೆ, ನೆಲ ಸಾರಿಸುವುದು. ಅಂಗಡಿಯ ಗದ್ದುಗೆಯ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಚಕ್ಕಳಮಕ್ಕಳ ಹಾಕಿ ಕೂರುವ ಸಣ್ಣ ವರ್ತಕರು ಭಾರ ಹೊರುವುದಿಲ್ಲ, ನಿಜ. ಆದರೆ ಹೊಟ್ಟೆ ಬೆಳೆಯುತ್ತದೆ, ತೊಡೆ ಸೊರಗುತ್ತದೆ, ಮಂಡಿಗೆ ಎರಡೂ ಕೆಟ್ಟದ್ದೇ. ಮೈತೂಕ ಒಂದು ಕಿಲೋ ಇಳಿದರೆ ಹೆಜ್ಜೆಗೆ ನಾಲ್ಕು ಕಿಲೋ ಭಾರ ಮಂಡಿಯಿಂದ ಇಳಿಯುತ್ತದೆಂದು ಅಮೆರಿಕದ ಸಂಶೋಧಕರು 2005ರಲ್ಲಿ ಅಳೆದು ತೋರಿಸಿದ್ದಾರೆ.

ಅಜ್ಜಂಪುರದವರು ಇಲ್ಲಿ ಬಹಳ ಜನ ಇದ್ದೀರಿ. ತಮ್ಮೂರಿನ ಅಮೃತಮಹಲ್ ತಳಿ ಕೇಂದ್ರ ನಾಡಿಗೇ ಗೊತ್ತು. ಎತ್ತೊಂದು ಕಾಲು ಕುಂಟಿದರೆ ಯಾವ ರೈತನಾದರೂ ಅದನ್ನು ಮರುದಿನ ನೊಗಕ್ಕೆ ಕಟ್ಟುತ್ತಾನೆಯೇ? ಮನುಷ್ಯ ಕುಂಟಿದರೆ "ಆಗೋದಿಲ್ಲವಾದರೆ ಬೇರೆಯವನು ಬರ್ತಾನೆ ಬಿಡು" ಎನ್ನುತ್ತಾರೆ.

ಎಲ್ಲ ಕೀಲುನೋವೂ ಸವೆತವಲ್ಲ ಎಂಬುದನ್ನೂ ತಿಳಿಯಬೇಕು. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳ ಗೆಣ್ಣುಗಳು ಬಿಗಿದುಕೊಂಡು ಗಂಟೆಗಟ್ಟಲೆ ಸಡಿಲವಾಗದಿದ್ದರೆ, ಮಣಿಕಟ್ಟು ಊದಿದರೆ, ಅದು ಆಮವಾತ ಇರಬಹುದು. ಮೈಯ ರಕ್ಷಣಾ ಶಕ್ತಿಯೇ ದಾರಿ ತಪ್ಪಿ ಕೀಲಿನ ಪೊರೆಯನ್ನು ತಿನ್ನುವ ಕಾಯಿಲೆ ಅದು, ಹೆಂಗಸರಲ್ಲಿ ಹೆಚ್ಚು. ಸವೆತದ ಬಿಗಿತವಾದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಈ ವ್ಯತ್ಯಾಸ ನೆನಪಿರಲಿ, ಏಕೆಂದರೆ ಆಮವಾತಕ್ಕೆ ಒಳ್ಳೆಯ ಔಷಧವಿದೆ, ಬೇಗ ಶುರು ಮಾಡಿದರೆ ಕೀಲು ಉಳಿಯುತ್ತದೆ. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಕೊಡುತ್ತಾರೆ. ಅದು ವಾರಕ್ಕೆ ಒಂದೇ ದಿನ ನುಂಗುವುದು. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ರಕ್ತ ಪರೀಕ್ಷೆ ಮಾಡಿಸುತ್ತ, ವೈದ್ಯರ ಕಣ್ಣಳತೆಯಲ್ಲೇ ಇರಬೇಕು. ಇನ್ನು ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಡದಂತೆ ಉರಿದರೆ ಅದು ಯೂರಿಕ್ ಆಮ್ಲದ ಕಾಟ. ಚಳಿಜ್ವರದೊಡನೆ ಒಂದೇ ಮಂಡಿ ಊದಿ ಕೆಂಪಾಗಿ ಬಿಸಿಯಾದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಕೀಲಿನೊಳಗೆ ಕೀವಾಗಿರಬಹುದು, ಆ ದಿನವೇ ಆಸ್ಪತ್ರೆ ಸೇರಬೇಕು. 2006ರಲ್ಲಿ ಚಿಕುನ್‌ಗುನ್ಯ ನಮ್ಮ ರಾಜ್ಯವನ್ನು ಕಾಡಿದ್ದು ತಮಗೆ ನೆನಪಿದೆ. ಜ್ವರ ವಾರದಲ್ಲಿ ಹೋಯಿತು, ಕೀಲುನೋವು ಎಷ್ಟೋ ಮಂದಿಗೆ ತಿಂಗಳುಗಟ್ಟಲೆ ಉಳಿಯಿತು.

ನಮ್ಮ ಬಯಲುಸೀಮೆಗೆ ಇನ್ನೊಂದು ಸಂಗತಿ ಇದೆ, ನೀರು. ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲು ಕಂದುಬಣ್ಣ ತಿರುಗುತ್ತದೆ. ಅದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದ ನೀರನ್ನು ವರ್ಷಾನುವರ್ಷ ಕುಡಿದವರಿಗೆ ಬೆನ್ನು, ಕುತ್ತಿಗೆ, ಕೀಲುಗಳು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಒಂದೇ ಬೀದಿಯಲ್ಲಿ ಅನೇಕರಿಗೆ ಹೀಗಾಗಿದ್ದರೆ ಮೊದಲು ನೀರನ್ನು ಪರೀಕ್ಷೆಗೆ ಕಳಿಸಿ ಎಂದು ಪಂಚಾಯಿತಿಯನ್ನು ಕೇಳಬೇಕು.

ಬಡವರ ಕೀಲುನೋವಿಗೆ ಹೆಸರು ಸಿಗಲು ಎಷ್ಟು ಕಾಲ ಬೇಕು ಎಂಬುದಕ್ಕೆ ನಮ್ಮ ನೆರೆಯಲ್ಲೇ ಒಂದು ದೃಷ್ಟಾಂತವಿದೆ. ಶಿವಮೊಗ್ಗ ಜಿಲ್ಲೆ ಸಾಗರದ ಬಳಿಯ ಹಂದಿಗೋಡು. 1970ರ ದಶಕದ ನಡುವೆ ಅಲ್ಲಿನ ದಲಿತ ಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿ ನೋವಿನಿಂದ ನಡೆಯಲಾರದವರು, ಕುಳ್ಳಾಗಿ ಉಳಿದವರು ಕಾಣಿಸಿಕೊಂಡ ಸುದ್ದಿ ಹೊರಬಿತ್ತು. ಗದ್ದೆಗೆ ಹೊಡೆದ ಕೀಟನಾಶಕ ಏಡಿ ಮೀನುಗಳ ಮೂಲಕ ಇವರ ಹೊಟ್ಟೆ ಸೇರಿತೇ ಎಂಬುದು ಮೊದಲ ಅನುಮಾನ. ಏಡಿ ತಿನ್ನದೆ ಇನ್ನೇನು ತಿನ್ನಬೇಕಿತ್ತು ಆ ಕೂಲಿಯವರು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಂದು ನೋಡಿದರು. 1977ರಲ್ಲಿ ಇದನ್ನು ಮಲೆನಾಡಿನ ಕುಟುಂಬಗತ ಕೀಲುರೋಗವೆಂದು ವರದಿ ಮಾಡಿದರು. ಮುಂದಿನ ಸಂಶೋಧನೆಗಳು ಎಲುಬು ಬೆಳೆಯುವ ಕ್ರಮದಲ್ಲೇ ಇರುವ ವಂಶಪಾರಂಪರ್ಯದ ದೋಷವೆಂದು ತೋರಿಸಿದವು. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಕೆಲವು ಹಳ್ಳಿಗಳಲ್ಲೂ ಇದರ ರೋಗಿಗಳಿದ್ದಾರೆ. ಅದು ಅಂಟುವ ರೋಗವಲ್ಲ. ಬುಡಸಹಿತ ಕೀಳುವ ಔಷಧವಿಲ್ಲ; ನೋವಿಗೆ ಮದ್ದು, ವ್ಯಾಯಾಮ, ಕೆಲವರಿಗೆ ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ, ಇವೇ ಆಸರೆ. ಆ ಜನ ಇಷ್ಟು ವರ್ಷ ಕೇಳುತ್ತಾ ಬಂದಿರುವುದೂ ಔಷಧಿ, ಪಿಂಚಣಿ, ಊಟ ಇವುಗಳನ್ನೇ.

ಈಗ ನನ್ನ ಸಾಲದ ಮಾತು.

ನನ್ನ ತಾಯಿ ಅಡಿಕೆ ಸುಲಿದು ನನ್ನನ್ನು ಓದಿಸಿದವಳು. ನಾನು ಶಾಲೆಯಲ್ಲಿ ಕೆಲಸಕ್ಕಿದ್ದಾಗ ಅವಳ ಮಂಡಿ ಕೂತುಹೋಯಿತು. ಯಾರೋ ಹೇಳಿದರು, ಸಂತೆಯಲ್ಲಿ ಒಬ್ಬ ನಾಟಿ ಪುಡಿ ಕೊಡುತ್ತಾನೆ, ಮೂರು ಹೊತ್ತಿನಲ್ಲಿ ನೋವು ಮಾಯ ಎಂದು. ಪೊಟ್ಟಣದ ಮೇಲೆ ಹೆಸರಿಲ್ಲ, ಊರಿಲ್ಲ. ತಂದುಕೊಟ್ಟವನು ನಾನೇ. ಹೇಳಿದಂತೆಯೇ ಆಯಿತು: ಮೂರನೆಯ ದಿನ ಅವ್ವ ಕೊಡ ಹೊತ್ತು ನೀರು ತಂದಳು. ನಾನು ಸಂತೋಷಪಟ್ಟೆ. ಎರಡು ವರ್ಷ ತಪ್ಪದೆ ಪುಡಿ ತಂದೆ. ಅವಳ ಮುಖ ಚಂದ್ರನ ಹಾಗೆ ದುಂಡಗಾಯಿತು, ಊರವರು "ಮೈ ಕೈ ತುಂಬಿಕೊಂಡಿದ್ದಾಳೆ" ಎಂದರು. ಕೈಯ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ, ಮುಟ್ಟಿದರೆ ಕಪ್ಪುಗಟ್ಟುತ್ತಿತ್ತು. ಒಂದು ವಾರ ಪುಡಿಯವನು ಸಂತೆಗೆ ಬರಲಿಲ್ಲ. ನಾಲ್ಕನೆಯ ದಿನ ಅವ್ವ ವಾಂತಿ ಮಾಡಿಕೊಂಡು ಎದ್ದು ಕೂರಲಾರದೆ ಬಿದ್ದುಬಿಟ್ಟಳು. ಆಸ್ಪತ್ರೆಯಲ್ಲಿ ವೈದ್ಯರು ಮುಖ ನೋಡಿದ ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ದಿನದಿಂದ ಪುಡಿ ತಿನ್ನಿಸುತ್ತಿದ್ದೀರಿ?"

ಆ ಪುಡಿಯೊಳಗೆ ಬೆರೆಸಿದ್ದುದು ಸ್ಟೀರಾಯ್ಡ್ ಎಂದು ಅವರೇ ತಿಳಿಸಿದರು. ಅದೇನೂ ನಾಟಿ ವಸ್ತುವಲ್ಲ. 1948ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಹೆಂಚ್ ಎಂಬ ವೈದ್ಯರು ಆಮವಾತದಿಂದ ನರಳುತ್ತಿದ್ದ ಒಬ್ಬ ಯುವತಿಗೆ ಕಾರ್ಟಿಸೋನ್ ಎಂಬುದನ್ನು ಕೊಟ್ಟಾಗ ಕೆಲವೇ ದಿನಗಳಲ್ಲಿ ಅವಳು ಎದ್ದು ಓಡಾಡಿದಳು. 1950ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಹುಮಾನ ಬಂತು. ಅದರ ಕೇಡುಗಳೂ ಅಷ್ಟೇ ಬೇಗ ಬಯಲಾದವು: ಸಕ್ಕರೆ ಕಾಯಿಲೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ, ರೋಗ ತಡೆಯುವ ಶಕ್ತಿ ಕುಂದುತ್ತದೆ. ಮೂತ್ರಪಿಂಡದ ಮೇಲೆ ಕೂತ ಸಣ್ಣ ಗ್ರಂಥಿ ಈ ರಸವನ್ನು ತಾನೇ ತಯಾರಿಸುತ್ತಿರುತ್ತದೆ. ಹೊರಗಿನಿಂದ ಬರತೊಡಗಿದರೆ ಅದು ಕೆಲಸ ಬಿಟ್ಟು ಮಲಗುತ್ತದೆ. ಥಟ್ಟನೆ ನಿಲ್ಲಿಸಿದರೆ ಮೈಗೆ ಎರಡೂ ಕಡೆಯಿಂದ ಇಲ್ಲವಾಗುತ್ತದೆ. ಆದ್ದರಿಂದ ಹೆಸರಿಲ್ಲದ ಪುಡಿ ತಿನ್ನುತ್ತಿರುವವರು ಇಲ್ಲಿದ್ದರೆ, ದಯವಿಟ್ಟು ಈ ಭಾಷಣ ಕೇಳಿ ಇಂದು ರಾತ್ರಿಯೇ ಅದನ್ನು ಬಿಸಾಡಬೇಡಿ. ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು ನಾಳೆಯೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸ್ವಲ್ಪ ಸ್ವಲ್ಪವಾಗಿ ಇಳಿಸಿ ಬಿಡಿಸುವ ಕ್ರಮ ಅವರಿಗೆ ಗೊತ್ತು. ಅವ್ವ ಉಳಿದಳು. ಆದರೆ ಬೆನ್ನುಮೂಳೆ ಕುಸಿದು ಗೇಣುದ್ದ ಕುಗ್ಗಿದ್ದಾಳೆ.

ಔಷಧದಂಗಡಿಯ ನೋವಿನ ಮಾತ್ರೆಯೂ ಕಡಲೆಯಂತೆ ತಿನ್ನುವ ಪದಾರ್ಥವಲ್ಲ. ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು, ಮೂತ್ರಪಿಂಡ ಕೆಡಬಹುದು. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಮಂಡಿಗೆ ಮೇಲಿನಿಂದ ಹಚ್ಚುವ ಡೈಕ್ಲೋಫೆನಾಕ್ ಮುಲಾಮಿನಿಂದ ಇಷ್ಟು ಕೇಡಿಲ್ಲ, ಮೊದಲು ಅದನ್ನು ನೋಡಬಹುದು. ಬಿಸಿಯೆಣ್ಣೆ ನೀವಿದರೆ ಹಾಯೆನಿಸುತ್ತದೆ, ನೀವಿಕೊಳ್ಳಿ. ಆದರೆ ಎಣ್ಣೆಯಿಂದ ಸವೆದದ್ದು ಬೆಳೆಯುತ್ತದೆಂದು ಹೇಳಿ ಸಾವಿರಾರು ರೂಪಾಯಿ ಕೇಳುವವರನ್ನು ನಂಬಬೇಡಿ. ಆಲೂಗೆಡ್ಡೆ, ಬದನೆಕಾಯಿ, ತೊಗರಿಬೇಳೆ ವಾಯು ಎಂದು ಬಿಟ್ಟು ಬರೀ ಅನ್ನ ಸಾರಿನಲ್ಲಿ ಸೊರಗುವವರನ್ನು ನೋಡಿದ್ದೇನೆ. ಬೇಳೆ ಬಿಟ್ಟರೆ ತೊಡೆಯ ಮಾಂಸಕ್ಕೆ ಬಲ ಎಲ್ಲಿಂದ ಬಂದೀತು?

ಎಲ್ಲ ಮಾಡಿಯೂ ರಾತ್ರಿ ನಿದ್ದೆ ಬಾರದಷ್ಟು ನೋವಿದ್ದರೆ ಕೃತಕ ಮಂಡಿ ಜೋಡಿಸುವ ಶಸ್ತ್ರಚಿಕಿತ್ಸೆ ಇದೆ. ಹತ್ತರಲ್ಲಿ ಎಂಟು ಕೃತಕ ಮಂಡಿಗಳು ಇಪ್ಪತ್ತೈದು ವರ್ಷ ಬಾಳುತ್ತವೆಂದು ಲೆಕ್ಕ ಸಿಕ್ಕಿದೆ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಸಾಮಾನ್ಯ ಬಗೆಯ ಕೃತಕ ಮಂಡಿಗೆ, ತೆರಿಗೆ ಬಿಟ್ಟು, 54,720 ರೂಪಾಯಿ ಎಂದು ಮಿತಿ ಹಾಕಿತು. ಆ ಮಿತಿ ಜೋಡಿಸುವ ವಸ್ತುವಿಗೆ ಮಾತ್ರ, ಆಸ್ಪತ್ರೆಯ ಒಟ್ಟು ಬಿಲ್ಲಿಗಲ್ಲ. ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಬರೆದುಕೊಡಿ ಎಂದು ಕೇಳಿ. ಸಾಲ ಮಾಡುವ ಮೊದಲು ಸರ್ಕಾರಿ ಆಸ್ಪತ್ರೆಯ ಆರೋಗ್ಯ ಮಿತ್ರರ ಬಳಿ ಕಾರ್ಡು ಹಿಡಿದು ವಿಚಾರಿಸಿ. ಗಿರಣಿಯವರು ತಮ್ಮ ಸಂಬಳದಲ್ಲಿ ಇ.ಎಸ್.ಐ. ವಂತಿಗೆ ಮುರಿಯುತ್ತಿದ್ದಾರೆಯೇ, ಮುರಿದದ್ದನ್ನು ಕಟ್ಟುತ್ತಿದ್ದಾರೆಯೇ ನೋಡಿಕೊಳ್ಳಿ.

ಮೂಟೆಯ ವಿಷಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರದಂತೆ ಮಾಡಿ ಎಂದು ಶಿಫಾರಸು ಮಾಡಿದೆ. ಅದಕ್ಕಿಂತ ಹೆಚ್ಚಿನ ಮೂಟೆಗೆ ಇಬ್ಬರು ಕೈ ಹಾಕಬೇಕು, ಇಲ್ಲವೇ ತಳ್ಳುಗಾಡಿ ಇರಬೇಕು. ವರ್ತಕ ಬಂಧುಗಳೇ, ಇದು ತಮ್ಮ ಮೇಲೆ ಹೊರಿಸುವ ದಂಡವೆಂದು ಭಾವಿಸಬೇಡಿ. ತಳ್ಳುಗಾಡಿಯನ್ನು ನಾಲ್ಕು ಅಂಗಡಿಯವರು ಸೇರಿ ಕೊಂಡರೂ ಆದೀತು. ಅಡಿಕೆ ಸುಲಿಸುವವರು ಹೆಂಗಸರಿಗೆ ಒಂದೊಂದು ಎತ್ತರದ ಮಣೆ ಹಾಕಿಸಿದರೆ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲು ಬಿಟ್ಟರೆ ಅಡಿಕೆಯೇನೂ ಕಡಿಮೆಯಾಗುವುದಿಲ್ಲ.

ಮನೆಯಲ್ಲಿ ಮಾಡತಕ್ಕದ್ದು ಎರಡೇ. ಊರುಗೋಲು ಹಿಡಿಯುವುದಾದರೆ ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಿರಿ. ಎಡ ಮಂಡಿ ನೋವಾದರೆ ಬಲಗೈಯಲ್ಲಿ ಕೋಲು. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಇನ್ನೊಂದು, ತೊಡೆಗೆ ಬಲ ಬರಿಸುವುದು. ಸವೆದ ಮಂಡಿಯ ಭಾರವನ್ನು ಹಂಚಿಕೊಳ್ಳುವುದು ತೊಡೆಯ ಮುಂಭಾಗದ ಮಾಂಸವೇ.

ಆ ಬೆಂಚನ್ನು ಸ್ವಲ್ಪ ಮುಂದಕ್ಕೆ ಎಳೆಯಿರಿ. ಅಣ್ಣಾ, ನೀವೇ ಬನ್ನಿ, ಗೋಡೆ ಹಿಡಿದು ಬಂದವರು. ಬೆನ್ನು ನೇರ ಮಾಡಿ ಕೂತುಕೊಳ್ಳಿ. ಬಲಗಾಲನ್ನು ನಿಧಾನವಾಗಿ ಎತ್ತಿ ಮುಂದಕ್ಕೆ ನೀಡಿ, ಮಂಡಿ ಪೂರ್ತಿ ನೇರವಾಗಲಿ. ಬೆರಳನ್ನು ತಮ್ಮ ಕಡೆಗೆ ಬಾಗಿಸಿ. ಹಾಗೇ ಹಿಡಿಯಿರಿ: ಒಂದು, ಎರಡು, ಮೂರು, ನಾಲ್ಕು, ಐದು. ಉಸಿರು ಕಟ್ಟಬೇಡಿ. ಈಗ ಮೆಲ್ಲಗೆ ಇಳಿಸಿ. ಹೀಗೆ ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಫಲ ಕಾಣಲು ಆರೆಂಟು ವಾರ ಬೇಕು, ಮೂರು ದಿನಕ್ಕೆ ಬಿಡಬೇಡಿ. ಉಳಿದವರೂ ಕೂತಲ್ಲೇ ಮಾಡಿ ನೋಡಿ. ಎಡಗಾಲು.